ಹೂಂ ಅಂದರೆ ಸಾಲದು

ನಾನು ಎಲ್ಲಿ ಕೆಲಸ ಮಾಡುತ್ತೇನೆಂದು ಯಾರಾದರೂ ಕೇಳಿದರೆ ಮೊದಲು ಕೆಮ್ಮುತ್ತೇನೆ. ಆಮೇಲೆ “ಆರೋಗ್ಯಕ್ಕೆ ಸಂಬಂಧಪಟ್ಟದ್ದು” ಎನ್ನುತ್ತೇನೆ. ಅಷ್ಟಕ್ಕೇ ಬಿಡುವ ಪುಣ್ಯಾತ್ಮರು ಕಡಿಮೆ. “ಅಂದ್ರೆ ಆಸ್ಪತ್ರೆಯಾ?” ಎಂದು ಮುಂದುವರಿದರೆ, “ಮಸಾಜ್ ಸೆಂಟರ್” ಎಂಬ ಎರಡು ಶಬ್ದಗಳನ್ನು ಕಹಿಗುಳಿಗೆಯಂತೆ ಅರ್ಧ ನುಂಗಿ ಅರ್ಧ ಉಗುಳುತ್ತೇನೆ. ಆಗ ಎದುರಿನವರ ಮುಖದಲ್ಲಿ ಮೂಡುವ ನಗೆಯನ್ನು ನೋಡಿ ನೋಡಿ ನನಗೆ ನಾಲ್ಕು ವರ್ಷದ ಅಭ್ಯಾಸವಾಗಿದೆ. ನನ್ನ ಸೋದರಮಾವನಂತೂ ಮನೆ ತುಂಬ ಜನರಿದ್ದಾಗಲೇ “ಹಂಗಾದ್ರೆ ಕೈ ತುಂಬಾ ಕೆಲಸ ಅನ್ನು!” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಅದೇ ಮಾವ ಹೊಟ್ಟೆ ಬಿಟ್ಟು ಸೊಂಟ ಹಿಡಿದುಕೊಂಡ ದಿನ ಫೋನು ಮಾಡಿದ್ದು ನನಗೇ. ಇರಲಿ.

ಈ ಪ್ರಶ್ನೆಗೆ ಕೆಮ್ಮದೆ ಉತ್ತರ ಹೇಳುವ ಒಬ್ಬರು ನಮ್ಮಲ್ಲಿದ್ದಾರೆ. “ಮೈ ಒತ್ತೋ ಕೆಲಸ. ಇಪ್ಪತ್ತೆರಡು ವರ್ಷ ಆಯ್ತು. ನಿಮ್ಗೆ ಬಲಗಡೆ ಭುಜ ನೋವಾ? ಒಂದು ಬೆರಳಷ್ಟು ಮೇಲಿದೆ ನೋಡಿ” ಎಂದುಬಿಡುತ್ತಾರೆ. ನಗಲು ಬಾಯಿ ತೆರೆದವರು ಮೆಲ್ಲಗೆ ತಮ್ಮ ಭುಜ ಮುಟ್ಟಿ ನೋಡಿಕೊಳ್ಳುತ್ತಾರೆ. ಅವರನ್ನು ನಾವು ಎದುರಿಗೆ ಅಕ್ಕ ಎನ್ನುತ್ತೇವೆ, ಹಿಂದಿನಿಂದ ಉಗುರಕ್ಕ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಅವರು ಮಾಡುವ ಮೊದಲ ಕೆಲಸ ನನ್ನ ಉಗುರು ನೋಡುವುದು. ಶಾಲೆ ಬಿಟ್ಟು ಹತ್ತು ವರ್ಷವಾದ ಮೇಲೂ ಎರಡೂ ಕೈ ಮುಂದೆ ಚಾಚಿ ನಿಲ್ಲುವ ಗಂಡಸು ಈ ಬೀದಿಯಲ್ಲಿ ನಾನೊಬ್ಬನೇ ಇರಬೇಕು.

ನಮ್ಮ ಸೆಂಟರ್ ಇರುವುದು ಕನ್ನಡಕದ ಅಂಗಡಿಯ ಮಹಡಿಯ ಮೇಲೆ. ಎರಡು ಕೋಣೆ, ಎರಡು ಮಂಚ, ನಡುವೆ ಒಂದು ಓಣಿ, ಓಣಿಯ ಕೊನೆಗೆ ಕೈ ತೊಳೆಯುವ ತೊಟ್ಟಿ. ಮೊದಲು ಇಲ್ಲಿ ನಮ್ಮ ಯಜಮಾನರ ಹಾಸಿಗೆ ಅಂಗಡಿಯಿತ್ತಂತೆ. ಹಾಸಿಗೆ ಕೊಂಡವರೆಲ್ಲ ಆರು ತಿಂಗಳಲ್ಲಿ ಬೆನ್ನು ನೋವೆಂದು ಜಗಳಕ್ಕೆ ಬರತೊಡಗಿದ್ದರಿಂದ, ಬಂದವರನ್ನು ಬರಿಗೈಲಿ ಕಳಿಸಬಾರದೆಂದು ಯಜಮಾನರು ಮಸಾಜ್ ಸೆಂಟರ್ ತೆರೆದರು ಎಂಬುದು ಕೆಳಗಿನ ಕನ್ನಡಕದವರ ಹೇಳಿಕೆ. ಗಂಡಸರು ನನ್ನ ಪಾಲಿಗೆ, ಹೆಂಗಸರು ಅಕ್ಕನ ಪಾಲಿಗೆ. ಒಳಗೆ ನಡೆಯುವುದಕ್ಕೆಲ್ಲ ಜವಾಬ್ದಾರಿ ಅಕ್ಕನದು, ಗಲ್ಲಾಪೆಟ್ಟಿಗೆ ಮಾತ್ರ ಯಜಮಾನರದು.

ನಾನು ಸೇರಿದ ಮೊದಲ ದಿನ ಕೈ ತೊಳೆದುಕೊಂಡು ಬಂದೆ. ಅಕ್ಕ ತೊಟ್ಟಿಯ ಪಕ್ಕದಲ್ಲೇ ನಿಂತು ನೋಡುತ್ತಿದ್ದರು.

“ಏನಪ್ಪಾ ಇದು?”

“ಕೈ ತೊಳ್ಕೊಂಡೆ ಅಕ್ಕ.”

“ಇದು ಕೈ ತೊಳ್ಕೊಂಡಿದ್ದಲ್ಲ, ಕಾಗೆ ಸ್ನಾನ. ಮೊಣಕೈವರೆಗೂ ಸೋಪು ಹಾಕು. ಬೆರಳ ಸಂದಿ, ಹೆಬ್ಬೆರಳ ಬುಡ. ಯಾವ ಕೈಯಿಂದ ನಲ್ಲಿ ತಿರುಗಿಸ್ದೆ? ಈಗ ಅದೇ ಕೈಯಿಂದ ಮುಚ್ಚಿದ್ರೆ ತೊಳೆದದ್ದು ಎಲ್ಲಿಗೆ ಹೋಯ್ತು? ಮೊಣಕೈಯಿಂದ ಮುಚ್ಚು.”

ಅಂದಿನಿಂದ ನನ್ನ ಹೆಸರು ಕಾಗೆ. ಅಪ್ಪ ಅಮ್ಮ ಇಟ್ಟ ಹೆಸರು ಈಗ ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ.

ಅಕ್ಕ ಈ ಕೆಲಸಕ್ಕೆ ಬಂದದ್ದು ಬಟ್ಟೆ ಒಗೆಯುವ ಕಡೆಯಿಂದ. ಹದಿನೆಂಟನೆಯ ವಯಸ್ಸಿನಲ್ಲಿ ಅವರು ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿದ್ದರು. ದಿನಕ್ಕೆ ಇನ್ನೂರು ಮುನ್ನೂರು ಹೊದಿಕೆ. ಯಾವುದನ್ನು ಬಿಸಿನೀರಿಗೆ ಹಾಕಬೇಕು, ಯಾವುದನ್ನು ಬೇರೆ ಇಡಬೇಕು ಎಂಬುದು ಅಲ್ಲಿಯೇ ಕೈಗೆ ಹತ್ತಿದ್ದು. ಅಲ್ಲಿಂದ ಮೇಲಿನ ಮಹಡಿಗೆ, ಕೈಕಾಲು ಸ್ವಾಧೀನ ತಪ್ಪಿದವರಿಗೆ ವ್ಯಾಯಾಮ ಮಾಡಿಸುವ ವಿಭಾಗಕ್ಕೆ, ಸಹಾಯಕಿಯಾಗಿ ಹೋದರು. ಕೆಲಸ ಮಾಡುತ್ತಲೇ ಕಲಿತು, ಆಮೇಲೆ ಒಂದು ವರ್ಷ ಸಂಜೆ ತರಗತಿಗೆ ಹೋಗಿ, ಪರೀಕ್ಷೆ ಕಟ್ಟಿ, ಸರ್ಟಿಫಿಕೇಟು ತಂದರು. ಅದು ನಮ್ಮ ಓಣಿಯಲ್ಲಿ ಗಾಜಿನ ಚೌಕಟ್ಟಿನೊಳಗಿದೆ. ಅದರ ಗಾಜನ್ನು ಒರೆಸುವ ಕೆಲಸ ನನ್ನದು.

ಅವರ ಗಂಡ ಕ್ಷೌರಿಕರು, ಎರಡು ಬೀದಿ ಆಚೆ ಅಂಗಡಿ. “ನಮ್ಮ ಮನೇಲಿ ದುಡ್ಡಿಗೆ ಜಗಳ ಇಲ್ಲ ಕಣೋ, ಟವೆಲಿಗೆ ಜಗಳ” ಎನ್ನುತ್ತಾರೆ ಅಕ್ಕ. ಬ್ಲೇಡು ಒಬ್ಬರಿಗೊಂದು ಎಂಬುದರಲ್ಲಿ ಗಂಡ ಹೆಂಡತಿಗೆ ಒಮ್ಮತವಿದೆ. ಟವೆಲು ಒಬ್ಬರಿಗೊಂದು ಎಂಬಲ್ಲಿ ಗಂಡ ಸ್ವಲ್ಪ ಜಾರುತ್ತಾರಂತೆ. “ಗಲ್ಲದ ಕೆಳಗಡೆ ತಾನೆ ಹೊದಿಸೋದು, ಏನಾಗುತ್ತೆ” ಅಂತ. ಅಂಥ ದಿನ ಅಕ್ಕ ಸಾಯಂಕಾಲ ಮನೆಗೆ ಹೋಗುವಾಗ ದಾರಿಯಲ್ಲಿ ಅವರ ಅಂಗಡಿಗೆ ನುಗ್ಗಿ, ಗಿರಾಕಿಯ ಕುತ್ತಿಗೆಯಲ್ಲಿದ್ದ ಟವೆಲನ್ನೇ ಎಳೆದುಕೊಂಡು ಬಂದದ್ದೂ ಇದೆ. ಗಿರಾಕಿಯ ಅರ್ಧ ಗಡ್ಡ ಹಾಗೇ ಇತ್ತಂತೆ.

ಅವರ ಮದುವೆಯ ಉಂಗುರ ಕೆಲಸದ ಹೊತ್ತಿನಲ್ಲಿ ಬೆರಳಲ್ಲಿರುವುದಿಲ್ಲ. ಬೆಳಿಗ್ಗೆ ಅದನ್ನು ತೆಗೆದು, ಪಿನ್ನಿಗೆ ಪೋಣಿಸಿ, ಏಪ್ರನ್ನಿನ ಒಳಮಗ್ಗುಲಿಗೆ ಚುಚ್ಚಿಕೊಳ್ಳುತ್ತಾರೆ. ಸಂಜೆ ಏಪ್ರನ್ ಬಿಚ್ಚಿ ಉಂಗುರ ಬೆರಳಿಗೆ ಹೋಯಿತೆಂದರೆ ಅಂಗಡಿ ಮುಚ್ಚಿದ ಹಾಗೆ. ಆಮೇಲೆ ಬಂದವರಿಗೆ ನೀರೂ ಸಿಗುವುದಿಲ್ಲ.

ಮರ್ಯಾದೆಯ ವಿಷಯದಲ್ಲೂ ಅವರದು ಒಂದೇ ಅಳತೆ. ಒತ್ತುವ ಭಾಗ ಬಿಟ್ಟು ಮಿಕ್ಕಿದ್ದೆಲ್ಲ ಹೊದಿಕೆಯ ಕೆಳಗೆ. ಬಟ್ಟೆ ಬದಲಿಸುವಾಗ ನಾವು ಹೊರಗೆ, ಒಳಗೆ ಬರುವ ಮುಂಚೆ ಬಾಗಿಲಿಗೆ ಎರಡು ಬಡಿತ. ಮಂಚದ ಮೇಲಿದ್ದವರ ಮನೆಯ ಮಾತು ಮಂಚದಿಂದ ಕೆಳಗಿಳಿಯಬಾರದು. ಒಮ್ಮೆ ಒಬ್ಬ ಸಭ್ಯವೇಷದ ಮನುಷ್ಯ ಮಂಚದ ಮೇಲೆ ಮಲಗಿದವನೇ ನನ್ನನ್ನು ಹತ್ತಿರ ಕರೆದು, ಕಣ್ಣು ಮಿಟುಕಿಸಿ, “ಬೇರೆ ಏನಾದ್ರೂ ವ್ಯವಸ್ಥೆ ಇದೆಯಾ?” ಎಂದ. ನಾನು ಶುದ್ಧ ಪೆದ್ದನಂತೆ “ಇದೆ ಸಾರ್, ತಲೆಗೆ ಎಣ್ಣೆ ಹಾಕ್ತೀವಿ” ಎಂದೆ. ಓಣಿಯಲ್ಲಿದ್ದ ಅಕ್ಕನಿಗೆ ಅರ್ಥವಾಯಿತು. ಎರಡು ಸಲ ಬಡಿದು ಬಾಗಿಲು ಪೂರ್ತಿ ತೆರೆದಿಟ್ಟು, ದೊಡ್ಡ ದೀಪ ಹಾಕಿ, “ನಿಮ್ಮ ಹೊತ್ತು ಮುಗೀತು. ಎದ್ದು ಬಟ್ಟೆ ಹಾಕ್ಕೊಳ್ಳಿ” ಎಂದರು. ಇನ್ನೂ ನಲವತ್ತು ನಿಮಿಷ ಬಾಕಿಯಿತ್ತು. ಆತ ಮೆಟ್ಟಿಲಿಳಿದ ಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ತಲೆಗೆ ಎಣ್ಣೆಯಂತೆ” ಎಂದರು. ಅಷ್ಟೇ.

ಇಷ್ಟೆಲ್ಲ ಕಟ್ಟುಪಾಡಿನ ನಡುವೆ ಹೊಸಬರಿಗೆ ವಿಚಿತ್ರವೆನಿಸುವುದು ಒಂದೇ ಒಂದು: ನಮ್ಮಲ್ಲಿ ‘ಹೂಂ’ ನಡೆಯುವುದಿಲ್ಲ.

ಮಂಚಕ್ಕೆ ಮುಖ ಇಡಲು ಒಂದು ತೂತಿದೆ. ಬೋರಲು ಮಲಗಿದವರ ಮಾತೆಲ್ಲ ಆ ತೂತಿನಿಂದ ನೆಲಕ್ಕೆ ಹೋಗುತ್ತದೆ, ನಮಗೆ ಸಿಗುವುದು ಬರೀ ಉಸಿರು. ‘ಹೂಂ’ ಮತ್ತು ‘ಉಹೂಂ’ ನಡುವೆ ಇರುವುದು ಒಂದು ‘ಉ’. ಆ ‘ಉ’ ತೂತಿನಲ್ಲೇ ಬಿದ್ದುಹೋಗುತ್ತದೆ. “ಇನ್ನೂ ಒತ್ತಲಾ?” ಎಂದು ಕೇಳಿದಾಗ ಬೇಡವೆಂದವರಿಗೂ ಬೇಕೆಂದವರಿಗೂ ಕೇಳುವ ಕಿವಿಗೆ ವ್ಯತ್ಯಾಸವೇ ಇಲ್ಲ. ಹಾಗಾಗಿ ನಮ್ಮಲ್ಲಿ ‘ಸರಿ’ ಅನ್ನಬೇಕು, ಇಲ್ಲವೇ ‘ಬೇಡ’ ಅನ್ನಬೇಕು. ಅನ್ನುವವರೆಗೆ ಕೈ ಎತ್ತಿ ಹಿಡಿದು ಕಾಯಬೇಕು.

ಮಂಚಕ್ಕೆ ಹತ್ತಿಸುವ ಮುಂಚೆ ಕೇಳಬೇಕಾದ ಏಳು ಪ್ರಶ್ನೆಗಳ ಒಂದು ಹಾಳೆಯೂ ಇದೆ. ಜ್ವರ, ಚರ್ಮದ ಮೇಲೆ ಗುಳ್ಳೆ, ಇತ್ತೀಚಿನ ಆಪರೇಷನ್, ರಕ್ತ ತೆಳುಮಾಡುವ ಮಾತ್ರೆ, ಕೈಕಾಲು ಊತ, ಬಸಿರು, ಮುಟ್ಟಬಾರದ ಜಾಗ. ನಾನು ಇವನ್ನು ಬಸ್ ನಿಲ್ದಾಣದಲ್ಲಿ ಊರುಗಳನ್ನು ಕೂಗುವವನಂತೆ ಒಂದೇ ಉಸಿರಿನಲ್ಲಿ ಓದುತ್ತಿದ್ದೆ. ಗಿರಾಕಿಗಳು ಫೋನು ನೋಡುತ್ತ “ಹೂಂ, ಹೂಂ” ಎನ್ನುತ್ತಿದ್ದರು. ನಾನು ಗುರುತು ಹಾಕುತ್ತಿದ್ದೆ. ಒಂದು ದಿನ ಅಕ್ಕ ಹಾಳೆಗಳನ್ನು ತಿರುವುತ್ತಿದ್ದವರು ಒಂದರ ಮೇಲೆ ಬೆರಳಿಟ್ಟರು.

“ಕಾಗೆ, ಬೆಳಿಗ್ಗೆ ಬಂದಿದ್ರಲ್ಲ, ದಪ್ಪ ಮೀಸೆಯವ್ರು, ಅವ್ರಿಗೆ ಎಷ್ಟನೇ ತಿಂಗಳಂತೆ?”

ನಾನು ಹಾಳೆ ನೋಡಿದೆ. ಮೀಸೆಯವರು ಬಸುರಿಯಾಗಿದ್ದರು. ನನ್ನದೇ ಕೈಬರಹ.

ಆ ತಮಾಷೆಯನ್ನು ನಾನೇ ಹತ್ತು ಜನಕ್ಕೆ ಹೇಳಿ ನಗಿಸಿದೆ. ಬುದ್ಧಿ ಮಾತ್ರ ಕಲಿಯಲಿಲ್ಲ.

ಇನ್ನು ಆ ದಿನದ ವಿಷಯ. ಯಜಮಾನರ ಹೆಂಡತಿಯ ತಮ್ಮ ಬಂದ. ನಾವು ಅವನಿಗೆ ‘ಭಾವಮೈದ ಸಾಹೇಬರು’ ಎನ್ನುತ್ತೇವೆ, ಏಕೆಂದರೆ ಸೆಂಟರಿಗೆ ರಿಬ್ಬನ್ ಕತ್ತರಿಸಿದ್ದು ಅವನು, ಆ ಕತ್ತರಿಯನ್ನು ಇನ್ನೂ ಕೆಳಗಿಟ್ಟಿಲ್ಲ. ಹಿಂದಿನ ದಿನ ಹದಿನಾಲ್ಕು ಗಂಟೆ ಬಸ್ಸಿನಲ್ಲಿ ಕೂತು ಬಂದಿದ್ದ. ಎಡಗಾಲಿನ ಮೀನಖಂಡ ಹಿಡಿದಿದೆ, ಸರಿಯಾಗಿ ಒತ್ತು ಎಂದ. ನಾನು ಹಾಳೆ ತೆಗೆದೆ. “ನನ್ಗೂ ಇದೆಲ್ಲಾನಾ?” ಎಂದು ಹುಬ್ಬೇರಿಸಿದ. ಯಜಮಾನರ ಮನೆಯವರನ್ನು ಪ್ರಶ್ನೆ ಕೇಳುವಷ್ಟು ಗಂಡೆದೆ ನನಗಿಲ್ಲ. ಏಳಕ್ಕೂ ‘ಇಲ್ಲ’ ಎಂದು ನಾನೇ ಗುರುತು ಹಾಕಿ ಮಂಚಕ್ಕೆ ಹತ್ತಿಸಿದೆ.

ಬೆನ್ನು ಮುಗಿಸಿ ಕಾಲಿನ ಹೊದಿಕೆ ಸರಿಸುತ್ತಿದ್ದೆ. ಬಾಗಿಲಿಗೆ ಎರಡು ಬಡಿತ. ಬಿಸಿ ಟವೆಲು ಕೊಡಲು ಬಂದ ಅಕ್ಕ ಬಾಗಿಲಲ್ಲೇ ನಿಂತುಬಿಟ್ಟರು. ಅವರು ನೋಡುತ್ತಿದ್ದದ್ದು ಕಾಲುಚೀಲದ ಗುರುತನ್ನು. ಬಲಗಾಲಿನಲ್ಲಿ ತೆಳ್ಳಗೆ ಒಂದು ಗೀಟು. ಎಡಗಾಲಿನಲ್ಲಿ ಹಗ್ಗ ಬಿಗಿದು ಬಿಚ್ಚಿದಂತೆ ಆಳವಾದ ತಗ್ಗು. ನಾನೂ ಅದನ್ನು ನೋಡಿದ್ದೆ. ಬಿಗಿ ಕಾಲುಚೀಲ ಎಂದುಕೊಂಡಿದ್ದೆ.

“ಕಾಗೆ, ಕೈ ತೆಗಿ.”

ಅಕ್ಕ ಮಂಚದ ತಲೆಗಡೆ ಹೋಗಿ, ಬಗ್ಗಿ, “ಸಾರ್, ನಿಮ್ಮ ಕಾಲು ಮುಟ್ಟಿ ನೋಡ್ಬೇಕು. ಮುಟ್ಟಲಾ?” ಎಂದರು.

“ಹೂಂ.”

“ಸರಿ ಅನ್ನಿ, ಇಲ್ಲ ಬೇಡ ಅನ್ನಿ.”

“ಅಯ್ಯೋ ಸರಿ ಕಣಮ್ಮ!”

ಅಂಗೈಯಲ್ಲ, ಹಿಂಗೈಯನ್ನು ಎರಡೂ ಕಾಲಿಗೆ ಒಂದಾದ ಮೇಲೊಂದು ತಾಗಿಸಿದರು. ಎಡಗಾಲು ಬೆಚ್ಚಗಿತ್ತು. ಯಾವಾಗಿನಿಂದ, ಎಷ್ಟು ಹೊತ್ತು ಕೂತಿದ್ದಿರಿ, ಉಸಿರು ಕಟ್ಟುತ್ತದೆಯೇ, ಎದೆ ನೋವಿದೆಯೇ ಎಂದು ಒಂದೊಂದನ್ನೇ ಕೇಳಿ, ಒಂದೊಂದಕ್ಕೂ ಬಾಯಿಬಿಟ್ಟು ಉತ್ತರ ಹೇಳಿಸಿಕೊಂಡರು. ಆಮೇಲೆ ಹೊದಿಕೆ ಎಳೆದು ಮುಚ್ಚಿದರು.

“ಈ ಕಾಲನ್ನ ನಾವು ಒತ್ತಲ್ಲ ಸಾರ್. ತುಂಬ ಹೊತ್ತು ಕೂತಾಗ ಕೆಲವ್ರಿಗೆ ಕಾಲಲ್ಲಿ ರಕ್ತ ಹೆಪ್ಪುಗಟ್ಟುತ್ತೆ. ಒತ್ತಿದ್ರೆ ಅದು ಮೇಲಕ್ಕೆ ಹೋಗಿ ಶ್ವಾಸಕೋಶಕ್ಕೆ ಸಿಕ್ಕೊಳ್ಳಬಹುದು. ನಿಮ್ಗೆ ಅದೇ ಆಗಿದೆ ಅಂತಲ್ಲ. ಆಗಿಲ್ಲ ಅಂತ ನನ್ಗೆ ಗೊತ್ತಿಲ್ಲ. ಈಗ್ಲೇ ಡಾಕ್ಟ್ರಿಗೆ ತೋರ್ಸಿ.”

ಸಾಹೇಬ ಎದ್ದು ಕೂತ. “ನೀನೇನು ಡಾಕ್ಟ್ರಾ?”

“ಅಲ್ಲ. ಅದಕ್ಕೇ ಡಾಕ್ಟ್ರ ಹತ್ರ ಹೋಗಿ ಅಂತಿರೋದು.”

ಗಲಾಟೆ ಕೇಳಿ ಯಜಮಾನರು ಬಂದರು. ಸಾಹೇಬ ಹೊದಿಕೆಯನ್ನು ಸೊಂಟಕ್ಕೆ ಸುತ್ತಿಕೊಂಡೇ ದೂರು ಹೇಳಿದ: ಕಾಲು ಒತ್ತಿಸಿಕೊಂಡು ಹೋಗೋಣ ಎಂದು ಬಂದರೆ ಸಾವಿನ ಮಾತು ಆಡುತ್ತಾಳೆ. ಯಜಮಾನರು ಗಲ್ಲಾಪೆಟ್ಟಿಗೆಯ ಪಕ್ಕದ ಕಡತದಿಂದ ಹಾಳೆ ತಂದರು.

“ಇಲ್ನೋಡಿ. ಊತ, ಇಲ್ಲ ಅಂತ ಬರ್ದಿದೆ. ಪರೀಕ್ಷೆ ಮಾಡಿ ತಾನೆ ಬರ್ದಿರೋದು?”

ಅಕ್ಕ ನನ್ನ ಕಡೆ ನೋಡಿದರು. ಯಜಮಾನರೂ ನೋಡಿದರು. ನಾನು ಟವೆಲು ಮಡಿಸತೊಡಗಿದೆ. ಅಷ್ಟು ಚೆಂದವಾಗಿ ಟವೆಲು ಮಡಿಸಿದ್ದು ನನ್ನ ಜನ್ಮದಲ್ಲೇ ಇಲ್ಲ.

“ಬರ್ದಿದ್ದು ಏನಾದ್ರೂ ಇರ್ಲಿ ಸಾರ್, ಕಾಲು ಕಣ್ಮುಂದೆ ಇದೆಯಲ್ಲ” ಎಂದರು ಅಕ್ಕ.

“ಗಿರಾಕಿ ಅಂದ್ರೆ ದೇವರು ಅಂತ ನಾನು ಎಷ್ಟು ಸಲ ಹೇಳಿದ್ದೀನಿ?”

“ದೇವರಿಗೆ ಕಾಲು ಊದಲ್ಲ ಸಾರ್.”

ಯಜಮಾನರ ಮುಖ ಕೆಂಪಾಯಿತು. “ಆಯ್ತು. ಇವತ್ತೇ ತೋರಿಸ್ಲಿ. ಡಾಕ್ಟ್ರು ಏನೂ ಇಲ್ಲ ಅಂದ್ರೆ, ಆ ಕ್ಷಣದಿಂದ ನೀವು ಕೆಲಸಕ್ಕೆ ಬರೋದು ಬೇಡ. ಒಪ್ಗೇನಾ?”

ಅಕ್ಕ ‘ಹೂಂ’ ಎನ್ನಲಿಲ್ಲ. “ಸರಿ” ಎಂದರು.

ಆ ಸಂಜೆ ಮುಚ್ಚುವ ಹೊತ್ತಿಗೆ ಇಬ್ಬರೂ ಎಂದಿನಂತೆ ಮಂಚಗಳನ್ನು ಔಷಧಿ ನೀರಿನಲ್ಲಿ ಒರೆಸಿದೆವು. ಅಕ್ಕ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಹಗುರಾಗುತ್ತಿತ್ತು. ಎಣ್ಣೆ ಬಾಟಲಿಗಳ ಮೂತಿ ಒರೆಸುವುದು, ಬಳಸಿದ ಟವೆಲಿನ ಬುಟ್ಟಿಗೆ ಒಣ ಟವೆಲು ತಾಗಬಾರದು ಎನ್ನುವುದು, ಇವನ್ನೆಲ್ಲ ಮತ್ತೊಮ್ಮೆ ತೋರಿಸಿದರು. ಹೋಗುವವರು ಬೀಗದ ಕೈ ಒಪ್ಪಿಸುವ ಹಾಗಿತ್ತು. ತಡೆಯಲಾಗದೆ ಕೇಳಿದೆ:

“ಅಕ್ಕ, ಅಷ್ಟೊಂದು ಖಚಿತ ಇತ್ತಾ ನಿಮ್ಗೆ?”

“ಇಲ್ಲ ಕಣೋ. ಖಚಿತ ಇದ್ದಿದ್ರೆ ಡಾಕ್ಟ್ರು ಯಾಕೆ?” ಒರೆಸುವ ಬಟ್ಟೆಯನ್ನು ಹಿಂಡಿ ಒಣಹಾಕಿದರು. “ನಾನು ಹೊಸದಾಗಿ ಸೇರಿದ್ದಾಗ ಒಬ್ರು ಅಜ್ಜಿ ಬರ್ತಿದ್ರು. ಒಂದಿನ ಇನ್ನೂ ಒಂಚೂರು ಒತ್ತಲಾ ಅಂತ ಕೇಳ್ದೆ. ಉಹೂಂ ಅಂದ್ರು. ನನ್ಗೆ ಕೇಳ್ಸಿದ್ದು ಹೂಂ. ಒತ್ತಿದೆ. ಲಟಕ್ ಅಂತು. ಪಕ್ಕೆಲುಬು.”

“ದೂರು ಕೊಟ್ರಾ?”

“ಕೊಟ್ಟಿದ್ರೆ ಚೆನ್ನಾಗಿರ್ತಿತ್ತು. ‘ಪರವಾಗಿಲ್ಲ ಮಗಳೇ, ನನ್ನ ಮೂಳೇನೇ ಹಳೇದು’ ಅಂದ್ರು. ಆರು ವಾರ ಅವ್ರ ಮನೆಗೆ ಹೋಗಿ ಎಬ್ಬಿಸಿ ಕೂರಿಸಿ ಬರ್ತಿದ್ದೆ. ದಿನಾ ಅದೇ ‘ಪರವಾಗಿಲ್ಲ’. ಮುಂದಿನ ಬಾರಿ ನೌಕರಿ ಹೋದ್ರೂ ಚಿಂತೆಯಿಲ್ಲ, ಇನ್ನೊಂದು ‘ಪರವಾಗಿಲ್ಲ’ ಕೇಳಲ್ಲ ಅಂದ್ಕೊಂಡೆ.” ಏಪ್ರನ್ ಬಿಚ್ಚಿ, ಪಿನ್ನಿನಿಂದ ಉಂಗುರ ತೆಗೆದು ಬೆರಳಿಗೆ ಹಾಕಿಕೊಂಡರು. “ನಡಿ. ನಮ್ಮನೆಯವ್ರ ಅಂಗಡಿ ಟವೆಲು ನೋಡ್ಕೊಂಡು ಹೋಗ್ಬೇಕು.”

ಮರುದಿನ ಹನ್ನೊಂದು ಗಂಟೆಗೆ ಸಾಹೇಬ ಮೆಟ್ಟಿಲು ಹತ್ತಿ ಬಂದ. ಒಂದೊಂದು ಮೆಟ್ಟಿಲಿಗೂ ಎಡಗಾಲನ್ನು ಹಾಲಿನ ಪಾತ್ರೆ ಇಳಿಸುವ ಹಾಗೆ ಇಡುತ್ತಿದ್ದ. ಬಂದವನೇ ಡಾಕ್ಟರ ಚೀಟಿಯನ್ನು ಮೇಜಿನ ಮೇಲೆ ಪಟ್ ಎಂದು ಹಾಕಿದ.

“ಏನೂ ಇಲ್ಲ! ಸ್ಕ್ಯಾನು ಮಾಡಿದ್ರು, ಹೆಪ್ಪೂ ಇಲ್ಲ, ತುಪ್ಪಾನೂ ಇಲ್ಲ. ಸ್ನಾಯು ಉಳುಕಿದೆ ಅಂತೆ, ಅದಕ್ಕೇ ಊತ.”

ಅಕ್ಕ ಚೀಟಿ ತೆಗೆದುಕೊಂಡು, ತಾರೀಖಿನಿಂದ ಸಹಿಯವರೆಗೆ ಪೂರ್ತಿ ಓದಿದರು. “ಸದ್ಯ, ಒಳ್ಳೇದಾಯ್ತು” ಎಂದರು. ಅದರಲ್ಲಿ ವ್ಯಂಗ್ಯ ಹುಡುಕಿದೆ, ಸಿಗಲಿಲ್ಲ. ಆಮೇಲೆ ಏಪ್ರನ್ನಿನ ಗಂಟು ಬಿಚ್ಚಿ, ನಾಲ್ಕಾಗಿ ಮಡಿಸಿ ಮೇಜಿನ ಮೇಲಿಟ್ಟರು. ಪಿನ್ನಿನಿಂದ ಉಂಗುರ ಬೆರಳಿಗೆ ಹೋಯಿತು. ಬೆಳಿಗ್ಗೆ ಹನ್ನೊಂದಕ್ಕೆ ಆ ಉಂಗುರವನ್ನು ಆ ಬೆರಳಿನಲ್ಲಿ ನಾನು ಅದುವರೆಗೆ ನೋಡಿರಲಿಲ್ಲ.

ಯಜಮಾನರು ಕಿಟಕಿಯ ಕಡೆ ನೋಡುತ್ತ, “ಮಾತು ಅಂದ್ರೆ ಮಾತು...” ಎಂದು ಶುರು ಮಾಡಿದರು.

“ಸಾರ್, ಆ ಹಾಳೆ ತುಂಬ್ಸಿದ್ದು ನಾನು.” ಧ್ವನಿ ನನ್ನದೇ ಇರಬೇಕು, ಕೋಣೆಯಲ್ಲಿ ಬೇರೆ ಯಾರ ಬಾಯಿಯೂ ತೆರೆದಿರಲಿಲ್ಲ. “ಒಂದು ಪ್ರಶ್ನೇನೂ ಕೇಳ್ಲಿಲ್ಲ. ಊತ ಕಣ್ಣಿಗೆ ಬಿದ್ದಿತ್ತು, ಆದ್ರೂ ಒತ್ತೋಕೆ ಹೋಗಿದ್ದೆ. ಅಕ್ಕ ಬರದೇ ಇದ್ದಿದ್ರೆ ಒತ್ತೇಬಿಡ್ತಿದ್ದೆ. ಕಳಿಸೋದಾದ್ರೆ ನನ್ನ ಕಳ್ಸಿ.”

“ಓಹೋ! ಹಂಗಾದ್ರೆ ನೀನೂ ಹೊರಡು” ಎಂದರು ಯಜಮಾನರು. ಒಂದೇ ಬೆಳಿಗ್ಗೆ ಎರಡೂ ಮಂಚ ಖಾಲಿಯಾಗುತ್ತದೆಂಬುದು ಹೇಳಿದ ಮೇಲೆ ಹೊಳೆದಂತಿತ್ತು.

ಅಷ್ಟರಲ್ಲಿ ಸಾಹೇಬ ರೇಗಿದ. “ಏ ಭಾವ, ಸ್ವಲ್ಪ ಸುಮ್ನಿರಿ. ಎಲ್ರೂ ಹೊರಟೋದ್ರೆ ನನ್ನ ಕಾಲಿಗೇನು ಗತಿ? ಅದ್ರಲ್ಲೇ ಬರ್ದಿದ್ದಾರೆ ನೋಡಿ, ನಾಲ್ಕು ದಿನ ಬಿಟ್ಟು ಹಗುರವಾಗಿ ಒತ್ತಿಸ್ಕೋಬಹುದು ಅಂತ.”

“ಅದಕ್ಕೇನು, ಬೇರೆ ಎಲ್ಲಾದ್ರೂ...”

“ಬೇರೆ ಎಲ್ಲಿ? ಆ ಡಾಕ್ಟ್ರು ನಿನ್ನೆ ಏನೇನು ಕೇಳಿದ್ರು ಗೊತ್ತಾ? ಈಯಮ್ಮ ಕೇಳಿದ್ದನ್ನೇ ಕೇಳಿದ್ರು, ಒಂದಕ್ಷರ ಬಿಡದ ಹಾಗೆ. ಎಷ್ಟು ಹೊತ್ತು ಕೂತಿದ್ರಿ, ಉಸಿರು ಕಟ್ಟುತ್ತಾ, ಎದೆ ನೋವಿದೆಯಾ. ಆಮೇಲೆ, ಯಾರಾದ್ರೂ ಒತ್ತಿದ್ರಾ ಅಂದ್ರು. ಸದ್ಯ ಒತ್ಲಿಲ್ಲ ಅಂದೆ. ಸ್ಕ್ಯಾನಿನ ಫಲಿತಾಂಶ ಬರೋವರೆಗೂ ಬೆಂಚಿನ ಮೇಲೆ ಜೀವ ಕೈಲಿ ಹಿಡ್ಕೊಂಡು ಕೂತಿದ್ದೀನಿ ಸ್ವಾಮಿ. ಇನ್ಮೇಲೆ ಈ ಕಾಲಿಗೆ ಯಾರಾದ್ರೂ ಕೈ ಹಾಕ್ಬೇಕು ಅಂದ್ರೆ ಮೊದ್ಲು ಈಯಮ್ಮ ನೋಡಿ ಹೇಳ್ಬೇಕು. ಬೇರೆಯವ್ರ ಕೈ ನಂಬೋಕಾಗಲ್ಲ. ಅವ್ಳೇ ತಾನೆ ನನ್ನ ಹೆದರ್ಸಿದ್ದು? ಅವ್ಳೇ ಧೈರ್ಯ ಹೇಳ್ಲಿ!”

ಮೇಜಿನ ಮೇಲಿದ್ದ ಏಪ್ರನ್ನನ್ನು ಯಜಮಾನರು ಒಂದು ಬೆರಳಿನಿಂದ ಅಕ್ಕನ ಕಡೆ ಮೆಲ್ಲಗೆ ತಳ್ಳಿದರು. ಮಾತು ಅಂದರೆ ಮಾತು ಎಂದದ್ದರ ಮುಂದಿನ ಭಾಗ ನಾವು ಇನ್ನೂ ಕೇಳಿಲ್ಲ.

ಅಕ್ಕ ಅದನ್ನು ಮುಟ್ಟಲಿಲ್ಲ. “ಸಾರ್, ಒಂದು ಕೇಳ್ತೀನಿ. ಮುಂದೆ ಯಾರದೇ ಕಾಲಾಗ್ಲಿ, ಅನುಮಾನ ಬಂದ್ರೆ ನಾನು ನಿಲ್ಲಿಸ್ತೀನಿ. ಆಗ್ಬಹುದಾ?”

ಯಜಮಾನರು ಮೂಗಿನಲ್ಲೇ “ಹೂಂ” ಎಂದರು.

ಅಕ್ಕ ಕಾದರು. ನಾನೂ ಕಾದೆ. ಕೊನೆಗೆ ಸಾಹೇಬನೇ “ಭಾವ, ಬಾಯ್ಬಿಟ್ಟು ಹೇಳ್ಬೇಕಂತೆ” ಎಂದ.

“ಸರಿ ಕಣ್ರೀ, ಸರಿ!”

ಉಂಗುರ ಮತ್ತೆ ಪಿನ್ನಿಗೆ ಹೋಯಿತು.

ಐದನೆಯ ದಿನ ಸಾಹೇಬ ಬಂದು ಮಲಗಿದ. ಅಕ್ಕ ಎರಡೂ ಕಾಲು ನೋಡಿ, ಊತ ಇಳಿದದ್ದನ್ನು ಖಚಿತಪಡಿಸಿಕೊಂಡು, ಗೋಡೆಗೆ ಒರಗಿ ನಿಂತರು. “ಒತ್ತೋದು ಇವ್ನೇ. ನಾನು ಇಲ್ಲೇ ಇರ್ತೀನಿ.” ತೂತಿನೊಳಗಿಂದ ಏನೋ ಗೊಣಗಾಟ ಕೇಳಿತು. ನಾನು ಮೊಣಕೈವರೆಗೆ ತೊಳೆದುಕೊಂಡು ಬಂದಿದ್ದೆ. ಹಾಳೆಯ ಏಳೂ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದ್ದೆ. ಆರನೆಯದಕ್ಕೆ, ಆ ಬಸಿರಿನ ಪ್ರಶ್ನೆಗೆ, ಸಾಹೇಬ ನನ್ನನ್ನು ದುರುಗುಟ್ಟಿ ನೋಡಿ ‘ಇಲ್ಲ’ ಎಂದಿದ್ದ. ಎಣ್ಣೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು ಬಗ್ಗಿದೆ.

“ಸಾರ್, ಶುರು ಮಾಡಲಾ?”

“ಹೂಂ.”

ನಾನು ಕೈ ಎತ್ತಿ ಹಿಡಿದು ನಿಂತೆ. ಎಣ್ಣೆ ಮಣಿಕಟ್ಟಿನಿಂದ ಮೊಣಕೈಗೆ ಇಳಿಯುತ್ತಿತ್ತು. ಅಕ್ಕ ನನ್ನ ಮುಖ ನೋಡುತ್ತಿಲ್ಲ, ಉಗುರು ನೋಡುತ್ತಿದ್ದಾರೆಂದು ಗೊತ್ತಿತ್ತು.

“ಏನಯ್ಯಾ, ಹೂಂ ಅಂದ್ನಲ್ಲ!” ಎಂದಿತು ತೂತು.

ನಾನು ಕಾದೆ.